ನಲವತ್ತೊಂದನೆಯ ಮಿಂಚು

ದೊಡ್ಡಉಳ್ಳಾರ್ತಿ ಕಾವಲಿನ ಸಂಶೋಧನಾ ಕೇಂದ್ರದ ಲೇಸರ್ ಕೋಣೆಗೆ ಕಿಟಕಿಯಿಲ್ಲ. ಪ್ರಯೋಗದ ನಡುವೆ ಬಾಗಿಲು ತೆರೆದರೆ ಲೇಸರ್ ತಾನಾಗಿ ಆರುತ್ತದೆ. ಮತ್ತೆ ಹದಕ್ಕೆ ಬರಲು ಎರಡು ತಾಸು ಬೇಕು. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದ ಜಿಲಾನ್ ಬಾಷಾ ಏಸಿಯ ತಂಪಿನಲ್ಲೂ ಬೆವರುತ್ತಿದ್ದ. ಚಳ್ಳಕೆರೆಯಲ್ಲಿ ಇಪ್ಪತ್ತು ವರ್ಷ ಗ್ಯಾರೇಜ್ ನಡೆಸಿದವನು, ಈಗ ಇಲ್ಲಿ ಗುತ್ತಿಗೆ ಮೆಕ್ಯಾನಿಕ್.

ಪ್ರಯೋಗ ಮೊಳಕಾಲ್ಮೂರಿನ ಸಂಶೋಧಕಿ ಸೌಂದರ್ಯಳದು. ಲೋಹದ ತೆಳು ಪದರಕ್ಕೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ಚಿಕ್ಕ ಲೇಸರ್ ಮಿಂಚು ತಾಗಿಸಿದರೆ ಅಲ್ಲಿ ಕಾಂತೀಯ ಸುಳಿಗಳು ಮೂಡಬೇಕು. ಒಂದೊಂದೂ ಕೂದಲಿನ ದಪ್ಪದ ನೂರರಲ್ಲೊಂದು ಪಾಲು. ಹೋದ ವಾರ ಹನ್ನೆರಡು ಮೂಡಿದ್ದವು. ಇವತ್ತು ನಲವತ್ತು ಮಿಂಚು ಬಿಟ್ಟರೂ ಪರದೆ ಖಾಲಿ. ನಾಲ್ಕಕ್ಕೆ ಪ್ರೊಫೆಸರ್ ಜಯದೇವಪ್ಪ ಇದನ್ನು ತೋರಿಸಲು ತಜ್ಞರನ್ನು ಕರೆತರುವವರಿದ್ದರು. ಆಗಲೇ ಮೂರೂವರೆ.

"ನನ್ನ ಕೈಯಾಗೇ ಏನೋ ದೋಷ ಐತೆ, ಬಾಷಣ್ಣ," ಎಂದಳು.

ಅವಳ ಕೈಯಲ್ಲಿ ದೋಷವಿಲ್ಲವೆಂದು ಬಾಷಾನಿಗೆ ಗೊತ್ತಿತ್ತು. ಹೋದ ವಾರ ಅವಳು ಖಾಲಿ ಪದರದ ಚಿತ್ರ ತೆಗೆದು, ಮಿಂಚು ಬಿಡುವ ಮೊದಲು ಫೋನಿಗೆ ತಿರುಗಿದಾಗ, ಪದರವನ್ನು ಹಿಡಿದಿಡುವ ಹಿಡಿಕೆಯ ಸಣ್ಣ ಸ್ಕ್ರೂ ಅದರ ಮಗ್ಗುಲಿಗೆ ಬಿದ್ದಿತ್ತು. ಗ್ಯಾರೇಜಿನ ಚಾಳಿಯಲ್ಲಿ ಅದನ್ನು ಜೇಬಿನ ಸ್ಕ್ರೂಡ್ರೈವರಿನಿಂದ ಎತ್ತಿದ್ದ. ಅದರ ತುದಿ ಆಯಸ್ಕಾಂತ. ಅಂಥದ್ದನ್ನು ಒಳಗೆ ತಂದವರ ಕೆಲಸ ಹೋಗುತ್ತದೆಂದು ಗೋಡೆಯ ಮೇಲೆ ಬರೆದಿತ್ತು.

"ಮೇಡಂ, ತಪ್ಪು ನಂದೈತ್ರಿ," ಎಂದು ಎಲ್ಲ ಹೇಳಿಬಿಟ್ಟ.

ಸೌಂದರ್ಯ ಬಯ್ಯಲಿಲ್ಲ. "ಈಗ್ಲೂ ಜೇಬಲ್ಲೈತಾ?"

"ಐತ್ರಿ."

"ಭಲೇ ಮೇಸ್ತ್ರಿ ಬಿಡ್ರಿ ನೀವು! ಹಂಗೇ ಇನ್ನೊಂದ್ಸಲ ಆಡಿಸ್ರಿ, ನೋಡಾನ."

ಅವಳು ಲೇಸರ್ ಹಾದಿ ಮುಚ್ಚಿದಳು. ಬಾಷಾ ಪದರಕ್ಕೆ ತಾಗದಂತೆ ತುದಿ ಹಾಯಿಸಿದ. ಪರದೆಯಲ್ಲಿ ಹದಿನಾಲ್ಕು ಕಪ್ಪು ಚುಕ್ಕೆ, ಹದಿನಾಲ್ಕು ಸುಳಿ. ಮಿಂಚು ಬಿಟ್ಟೇ ಇರಲಿಲ್ಲ.

"ಸಾಹೇಬ್ರಿಗೆ ನಾನೇ ಹೇಳ್ತೀನ್ರಿ. ಕೆಲಸ ಹೋದ್ರೆ ಹೋಗ್ಲಿ."

"ನಿಮ್ದೊಂದೇ ಹೋಗಲ್ಲಣ್ಣ. ಹೋದ ವಾರದ ಹನ್ನೆರಡು ಸುಳೀದು ಲೇಖನ ಸೋಮವಾರನೇ ಕಳಿಸಾಗೈತೆ, ಮೊದಲ ಹೆಸರು ನಂದು."

ಚಿತ್ರವನ್ನು ಸೇವ್ ಮಾಡಿ ಹೆಸರು ಕೊಟ್ಟಳು: ಮಿಂಚು ೪೧. ಆಮೇಲೆ ದಾಖಲೆ ಪುಸ್ತಕ ಅವನ ಮುಂದಿಟ್ಟಳು. ಪ್ರತಿ ಪ್ರಯೋಗಕ್ಕೂ ಎರಡು ಸಹಿ ಬೇಕು, ಮಾಡಿದವರದು ಮತ್ತು ಕಣ್ಣಾರೆ ಕಂಡವರದು. ಮೊದಲನೆಯದು ಆಗಲೇ ಬಿದ್ದಿತ್ತು.

"ಜಲ್ದಿ ಹಾಕ್ರಿ, ಬಂದ್ಬಿಡ್ತಾರೆ."

ಹೊರಗೆ ಮಾತು ಕೇಳಿಸಿತು. ಬಾಷಾ ಪೆನ್ನು ತೆಗೆದುಕೊಂಡು, ಕಣ್ಣಾರೆ ಕಂಡವರ ಜಾಗದಲ್ಲಿ, ಗುತ್ತಿಗೆ ಪತ್ರದಲ್ಲಿ ಇದ್ದ ಹಾಗೆಯೇ, ಪೂರ್ತಿ ಹೆಸರು ಬರೆದ.