ಭಾನುವಾರ ಬಾರದ ತಲೆನೋವು

ತಲೆ ಇದ್ದ ಮೇಲೆ ನೋವೂ ಇದ್ದದ್ದೇ ಅಂತ ನಾವೆಲ್ಲ ಹೇಳಿಬಿಡುತ್ತೇವೆ. ಹಲ್ಲು ನೋವಾದರೆ ಹಲ್ಲು ತೋರಿಸುತ್ತೇವೆ, ಕಾಲು ಉಳುಕಿದರೆ ಕಾಲು ತೋರಿಸುತ್ತೇವೆ. ತಲೆ ನೋವಾದರೆ ಮಾತ್ರ ಅಂಗಡಿಯಿಂದ ಒಂದು ಗುಳಿಗೆ ತಂದು ನುಂಗಿ ಮತ್ತೆ ಕೆಲಸಕ್ಕೆ ಕೂರುತ್ತೇವೆ. ನಮ್ಮ ಬೀದಿಯ ಟೈಲರಮ್ಮನೂ ಹಾಗೇ ಮಾಡುತ್ತಿದ್ದಳು. ಅವಳ ತಲೆನೋವಿನ ಅಪವಾದ ಬಂದು ನನ್ನ ತಲೆಯ ಮೇಲೆ ಬಿದ್ದದ್ದರಿಂದ ಈ ಕಥೆ ಹೇಳುವ ಹಕ್ಕು ನನಗಿದೆ.

ನನ್ನದು ಹಿಟ್ಟಿನ ಗಿರಣಿ. ಗಿರಣಿಗೂ ಟೈಲರಮ್ಮನ ಅಂಗಡಿಗೂ ನಡುವೆ ಒಂದೇ ಗೋಡೆ. ಅಂಗಡಿಯ ಹಿಂದೆಯೇ ಅವಳ ಮನೆ. ಗಂಡ ದೂರದ ಬಸ್ಸಿನ ಡ್ರೈವರ್, ಇವತ್ತು ಹೋದರೆ ನಾಡಿದ್ದು ಬರುವವನು. ಮನೆಯಲ್ಲಿ ಇವಳು ಮತ್ತು ಇವಳ ಅತ್ತೆ. ಅತ್ತೆಯನ್ನು ಬೀದಿಯವರೆಲ್ಲ ದೊಡ್ಡಮ್ಮ ಅನ್ನುತ್ತೇವೆ. ಟೈಲರಮ್ಮ ಹೊಲಿದ ಕಾಲರ್ ಎಂಥ ಡೊಂಕು ಕತ್ತಿನ ಮೇಲೂ ನೆಟ್ಟಗೆ ಕೂರುತ್ತದೆ. ಆದರೆ ಮಧ್ಯಾಹ್ನ ಊಟವಾಗಿ ಎರಡು ಅಂಗಿ ಹೊಲಿಯುವಷ್ಟರಲ್ಲಿ ಹುಬ್ಬಿನ ಮೇಲೆ ನೋವು ಶುರುವಾಗುತ್ತಿತ್ತು. ಸಂಜೆಗೆ ಕನ್ನಡಕ ತೆಗೆದಿಟ್ಟು ಹಣೆಗೆ ಬಟ್ಟೆ ಬಿಗಿದುಕೊಂಡು ಕೂತಿರುತ್ತಿದ್ದಳು.

ಕಾರಣ ಹುಡುಕಿದವರು ದೊಡ್ಡಮ್ಮ. ಒಂದು ದಿನ ಸೀದಾ ಗಿರಣಿಗೆ ಬಂದು ನಿಂತರು.

"ಏನೇ ಗಿರಣಿಯವಳೇ, ನಿನ್ನ ಈ ಗಡಗಡ ಕೇಳಿ ಕೇಳಿ ನನ್ನ ಸೊಸೆ ತಲೆ ಒಡೆದು ಹೋಗ್ತಿದೆ."

"ಇಷ್ಟು ವರ್ಷ ಒಡೆಯದ ತಲೆ ಈಗ ಯಾಕೆ ಒಡೆಯುತ್ತೆ ದೊಡ್ಡಮ್ಮ?"

"ಭಾನುವಾರ ಅವಳಿಗೆ ತಲೆನೋವು ಇರಲ್ಲ. ಭಾನುವಾರ ನಿನ್ನ ಗಿರಣಿ ಇರಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?"

ಅವರ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ ನೋಡಿ. ಬೀದಿಯವರೂ ಸೇರಿಕೊಂಡು ನನ್ನ ಗಿರಣಿಯ ಮೇಲೆ ಗೂಬೆ ಕೂರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು ನನ್ನ ಪಾಡು. ಗೋಡೆಗೆ ಹಳೆಯ ಗೋಣಿಚೀಲ ಹೊಡೆದೆ, ಮೋಟಾರಿನ ಕೆಳಗೆ ರಬ್ಬರ್ ಹಾಸಿದೆ. ಸದ್ದು ತಗ್ಗಿತು, ನೋವು ತಗ್ಗಲಿಲ್ಲ.

ಒಂದು ಸಂಜೆ ಟೈಲರಮ್ಮನೇ ಹಿತ್ತಲ ಬಾಗಿಲಿಂದ ಬಂದು ನನ್ನ ಚೀಲಗಳ ಮೇಲೆ ಕೂತಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಗಿರಣಿಯಿಂದ ಅಂತ ನನಗೆ ಅನ್ಸಲ್ಲ."

"ಮತ್ತೆ ಆಸ್ಪತ್ರೆಗೆ ಹೋಗಿ ತೋರಿಸು, ತಾಯಿ."

ಅವಳು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಾ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು. "ನಮ್ಮಮ್ಮನಿಗೂ ಹೀಗೇ ತಲೆನೋವು ಬರ್ತಿತ್ತು. ಹಣೆಗೆ ಬಟ್ಟೆ ಕಟ್ಕೊಂಡೇ ಕೆಲಸ ಮಾಡೋಳು. ಒಂದು ಬೆಳಿಗ್ಗೆ ಒಲೆ ಮುಂದೆ ಕುಸಿದು ಬಿದ್ದಳು, ಮತ್ತೆ ಏಳಲಿಲ್ಲ. ನಂದೂ ಅದೇ ಅಂತ ಡಾಕ್ಟ್ರು ಅಂದ್ಬಿಟ್ರೆ? ಗೊತ್ತಾಗದೇ ಇದ್ರೇನೇ ವಾಸಿ ಅಕ್ಕ. ಅತ್ತೆಗೆ ಹೇಳ್ಬೇಡಿ, ನನ್ನಾಣೆ."

ಆ ದಿನ ನನಗೆ ಅರ್ಥವಾಯಿತು. ನೋವಿಗಿಂತ ಹೆದರಿಕೆಯೇ ಅವಳನ್ನು ಹೆಚ್ಚು ತಿನ್ನುತ್ತಿತ್ತು. ನಾನು ಆಣೆಗೆ ಕಟ್ಟುಬಿದ್ದು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ಒಳ್ಳೆಯ ಬುದ್ಧಿಯಲ್ಲ ಅಂತ ಈಗ ಅನಿಸುತ್ತದೆ.

ಅಷ್ಟರಲ್ಲಿ ನನ್ನ ಗಿರಣಿಯ ಮೋಟಾರು ಸುಟ್ಟುಹೋಯಿತು. ವೈಂಡಿಂಗ್‌ಗೆ ಕೊಟ್ಟರೆ ವಾರವಾದರೂ ಬರಲಿಲ್ಲ. ನನ್ನ ಹೊಟ್ಟೆ ಉರಿದರೂ ಒಳಗೊಳಗೆ ಒಂದು ಖುಷಿ. ಗಿರಣಿ ಸದ್ದಿಲ್ಲದೆ ಮಲಗಿದೆ, ಈಗ ನೋಡೋಣ! ಸೋಮವಾರ ಟೈಲರಮ್ಮನಿಗೆ ತಲೆನೋವು ಬಂತು. ಮಂಗಳವಾರವೂ ಬಂತು, ಬುಧವಾರವೂ ಬಂತು. ನಾನು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಅಂದೆ, "ದೊಡ್ಡಮ್ಮ, ನನ್ನ ಗಿರಣಿಗೆ ಬಿಡುಗಡೆ ಆಯ್ತು ತಾನೇ?"

"ಸದ್ದು ಅವಳ ಕಿವಿಯೊಳಗೆ ಉಳ್ಕೊಂಡಿರ್ಬೇಕು" ಅಂದರು ದೊಡ್ಡಮ್ಮ. ಅವರು ಬಡಪೆಟ್ಟಿಗೆ ಒಪ್ಪುವ ಪೈಕಿಯಲ್ಲ.

ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ಸಿಸ್ಟರ್ ಗೋಧಿ ಬೀಸಿಸಲು ಬಂದರು. ಗಿರಣಿ ನಿಂತಿತ್ತು, ಆದರೆ ಜಗಳ ನಡೆದಿತ್ತು. ಗೋಧಿ ಚೀಲ ಇಳಿಸಿ, "ಏನು ವಿಷಯ?" ಅಂದರು. ಎಲ್ಲ ಕೇಳಿಸಿಕೊಂಡು ಟೈಲರಮ್ಮನ ಅಂಗಡಿಯೊಳಗೇ ಹೋಗಿ ಸ್ಟೂಲ್ ಎಳೆದುಕೊಂಡು ಕೂತರು. ನಾನೂ ದೊಡ್ಡಮ್ಮನೂ ಹಿಂದಿನಿಂದ ನುಗ್ಗಿದೆವು.

"ನೋವು ಎಲ್ಲಿ ಬರುತ್ತೆ?"

"ಹುಬ್ಬಿನ ಮೇಲೆ. ಕಣ್ಣು ಒಳಗೆ ಎಳೆದ ಹಾಗೆ ಆಗುತ್ತೆ."

"ವಾಂತಿ? ಜ್ವರ? ಕಣ್ಣು ಮಂಜಾಗೋದು, ಕೈಕಾಲು ಸೋಲೋದು, ಮಾತು ತೊದಲೋದು? ಎಲ್ಲಾದ್ರೂ ಬಿದ್ದು ತಲೆಗೆ ಪೆಟ್ಟಾಗಿದ್ಯಾ?"

"ಅದೆಲ್ಲ ಏನೂ ಇಲ್ಲ."

"ಹೊತ್ತಿಗೆ ಸರಿಯಾಗಿ ಊಟ ಮಾಡ್ತೀರಾ? ನೀರು ಕುಡೀತೀರಾ? ನಿದ್ದೆ?"

"ಅದನ್ನೆಲ್ಲ ತಪ್ಪಿಸೋಕೆ ಅತ್ತೆ ಬಿಡಲ್ಲ, ಕೂರಿಸಿ ಬಡಿಸ್ತಾರೆ."

"ಗುಳಿಗೆ ಎಷ್ಟು ತಗೋತೀರಾ?"

"ಯಾವಾಗ್ಲಾದ್ರೂ ಒಂದು."

"ಯಾವಾಗ್ಲಾದ್ರೂನಾ?" ದೊಡ್ಡಮ್ಮ ಗುಂಡಿ ಹಾಕುವ ಡಬ್ಬ ತೆಗೆದು ಮಿಷನ್ ಮೇಲೆ ಸುರಿದರು. "ನೋಡಿ ಸಿಸ್ಟರ್, ಇದರಲ್ಲಿ ಗುಂಡಿಗಿಂತ ಗುಳಿಗೆಯ ಖಾಲಿ ಹಾಳೆಗಳೇ ಜಾಸ್ತಿ!"

ನಾವೆಲ್ಲ ನಕ್ಕೆವು, ಸಿಸ್ಟರ್ ನಗಲಿಲ್ಲ. "ದಿನಾ ನುಂಗಿದ್ರೆ ಗುಳಿಗೆಯಿಂದಲೇ ತಲೆನೋವು ಬರೋಕೆ ಶುರುವಾಗುತ್ತೆ. ಹೊಟ್ಟೆ, ಮೂತ್ರಪಿಂಡ ಎಲ್ಲಕ್ಕೂ ತೊಂದರೆ. ನೋವು ಅನ್ನೋದು ಬಾಗಿಲು ಬಡಿಯೋರ ಥರ. ಯಾರು ಅಂತ ನೋಡದೆ ಕಿವಿ ಮುಚ್ಕೊಂಡ್ರೆ ಅವರು ಹೋಗ್ತಾರಾ? ಕೈ ಕೊಡಿ, ಮೊದಲು ಬಿಪಿ ನೋಡೋಣ" ಅಂತ ಹೆಗಲ ಚೀಲದಿಂದ ಬಿಪಿ ಪಟ್ಟಿ ತೆಗೆದರು.

ಟೈಲರಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಬೇಡ ಸಿಸ್ಟರ್, ಇನ್ನೊಂದಿನ ನೋಡೋಣ."

"ಒಂದು ನಿಮಿಷದ ಕೆಲಸ."

"ಬೇಡ ಅಂದ್ನಲ್ಲ!" ದೊಡ್ಡಮ್ಮ ಪೆಚ್ಚಾಗಿ ನನ್ನ ಮುಖ ನೋಡಿದರು. ನನಗೆ ತಡೆಯಲಾಗಲಿಲ್ಲ. ಆಣೆ ಹಾಳಾಗಲಿ ಅಂದುಕೊಂಡು ಅವಳ ತಾಯಿಯ ವಿಷಯ ಹೇಳಿಯೇಬಿಟ್ಟೆ.

ಸೊಸೆ ತಲೆ ತಗ್ಗಿಸಿದ್ದಳು. ದೊಡ್ಡಮ್ಮ ಅವಳ ಪಕ್ಕದಲ್ಲಿ ಹೋಗಿ ಕೂತು ತಮ್ಮ ತೋಳು ಮೇಲೇರಿಸಿದರು.

"ಸಿಸ್ಟರ್, ಆ ಪಟ್ಟಿ ಮೊದಲು ನನಗೆ ಕಟ್ಟಿ. ನನಗೇನೂ ಆಗಲಿಲ್ಲ ಅಂದ್ರೆ ಇವಳಿಗೂ ಧೈರ್ಯ ಬರುತ್ತೆ."

ಪಟ್ಟಿ ಉಬ್ಬಿತು, ಇಳಿಯಿತು. ಆಮೇಲೆ ಟೈಲರಮ್ಮ ಕಣ್ಣು ಮುಚ್ಚಿಕೊಂಡು ಕೈ ಚಾಚಿದಳು. ಇನ್ನೊಂದು ಕೈಯನ್ನು ಅತ್ತೆ ಗಟ್ಟಿಯಾಗಿ ಹಿಡಿದಿದ್ದರು. ಸಿಸ್ಟರ್ ಎರಡೆರಡು ಸಲ ನೋಡಿ ನಕ್ಕರು. "ಸೊಸೆ ಬಿಪಿ ಸರಿಯಾಗಿದೆ. ಅತ್ತೆಯವರದ್ದೇ ಏರಿದೆ! ಒಂದು ದಿನ ನೋಡಿ ಹೇಳೋಕಾಗಲ್ಲ, ಆಸ್ಪತ್ರೆಗೆ ಬಂದು ಮತ್ತೆ ತೋರಿಸಬೇಕು ಅಮ್ಮ."

"ಏರದೆ ಇನ್ನೇನು? ಗಿರಣಿ ಪಕ್ಕ ಇದ್ರೆ!" ಅಂದರು ದೊಡ್ಡಮ್ಮ. ಟೈಲರಮ್ಮ ಅಳುತ್ತಾ ಅಳುತ್ತಾ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದೆ.

ಸಿಸ್ಟರ್ ಮತ್ತೆ ಕೇಳಿದರು. "ಭಾನುವಾರ ನೋವು ಬರಲ್ಲ ಅಂದ್ರಲ್ಲ. ಭಾನುವಾರ ಹೊಲಿಯಲ್ವಾ?"

"ಹೊಲಿಯಲ್ಲ. ಬಟ್ಟೆ ಕತ್ತರಿಸಿ ಇಡ್ತೀನಿ. ಸೀಮೆಸುಣ್ಣದ ಗೆರೆ ದಪ್ಪ ಇರುತ್ತೆ, ಅದಕ್ಕೆ ಕನ್ನಡಕ ಬೇಡ."

"ಭಾನುವಾರ ಕನ್ನಡಕ ಸಿಗೋದಾದ್ರೂ ಎಲ್ಲಿ?" ದೊಡ್ಡಮ್ಮ ಮಧ್ಯೆ ಬಾಯಿ ಹಾಕಿದರು. "ಅವತ್ತು ಅದು ನನ್ನ ಹತ್ರ ಇರುತ್ತೆ. ನಾನು ಪೇಪರ್ ಓದಬೇಡ್ವಾ?"

ಸಿಸ್ಟರ್ ನಿಧಾನವಾಗಿ ತಲೆ ಎತ್ತಿದರು. "ಇಬ್ಬರಿಗೂ ಒಂದೇ ಕನ್ನಡಕಾನಾ?"

"ಹೂಂ ಮತ್ತೆ! ಕನ್ನಡಿ ಪಕ್ಕ ಮೊಳೆಗೆ ನೇತಾಕಿರ್ತೀವಿ. ಬೇಕಾದವರು ತಗೊಂಡು ಹಾಕ್ಕೊಳ್ಳೋದು. ಮಗ ಬಂದಾಗ ಅವನೂ ಹಾಕ್ಕೋತಾನೆ."

ಕೊಡೆಯನ್ನು ಹಂಚಿಕೊಳ್ಳುವ ಹಾಗೆ ಆ ಮನೆಯವರು ಕನ್ನಡಕವನ್ನು ಹಂಚಿಕೊಂಡಿದ್ದರು. ಇಷ್ಟು ವರ್ಷ ಪಕ್ಕದಲ್ಲಿದ್ದೂ ನನಗೆ ಅದು ವಿಚಿತ್ರ ಅನಿಸಿರಲಿಲ್ಲ.

"ಅದೇ ಕಾರಣ ಅಂತ ನಾನು ಹೇಳೋಕೆ ಬರಲ್ಲ" ಅಂದರು ಸಿಸ್ಟರ್. "ಡಾಕ್ಟ್ರು ನೋಡಲಿ, ರಕ್ತ ಪರೀಕ್ಷೆ ಆಗಲಿ, ಕಣ್ಣು ಪರೀಕ್ಷೆ ಆಗಲಿ. ನಾಳೆ ಇಬ್ಬರೂ ಬನ್ನಿ. ಬರುವಾಗ ಆ ಕನ್ನಡಕಾನೂ ತನ್ನಿ."

ಮರುದಿನ ಗಿರಣಿಗೆ ಹೇಗೂ ರಜೆ, ನಾನೂ ಜೊತೆಗೆ ಹೊರಟೆ. ಡಾಕ್ಟರು ಟೈಲರಮ್ಮನನ್ನು ಚೆನ್ನಾಗಿ ಪರೀಕ್ಷಿಸಿ, ಹೆದರುವಂಥದ್ದು ಏನೂ ಕಾಣುತ್ತಿಲ್ಲ ಅಂದರು. ರಕ್ತವೂ ಸರಿಯಿತ್ತು. ದೊಡ್ಡಮ್ಮನಿಗೆ ಬಿಪಿ ಇರುವುದು ಖಚಿತವಾಗಿ ಮಾತ್ರೆ ಶುರುವಾಯಿತು. ಆಮೇಲೆ ಕಣ್ಣಿನ ಕೋಣೆಗೆ ಕಳಿಸಿದರು. ಅಲ್ಲಿದ್ದ ಹುಡುಗಿ ಇಬ್ಬರಿಗೂ ಒಂದೊಂದು ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದಳು. ಗಾಜು ಬದಲಿಸಿ ಬದಲಿಸಿ, "ಈಗ ಚೆನ್ನಾಗಿದೆಯಾ, ಆಗ ಚೆನ್ನಾಗಿತ್ತಾ?" ಅಂತ ಕೇಳಿದಳು. ಕೊನೆಗೆ ಮನೆಯ ಕನ್ನಡಕವನ್ನು ಯಂತ್ರದಲ್ಲಿಟ್ಟು ನೋಡಿದಳು.

"ಅಕ್ಕ, ನಿಮ್ಮ ಎರಡು ಕಣ್ಣಿಗೂ ಬೇರೆ ಬೇರೆ ನಂಬರ್ ಇದೆ. ಇದನ್ನು ಹಾಕ್ಕೊಂಡು ದಿನವಿಡೀ ಸೂಜಿ ನೋಡಿದ್ರೆ ತಲೆ ನೋಯದೆ ಇರುತ್ತಾ? ಅಮ್ಮ, ಇದು ನಿಮಗೂ ಆಗಲ್ಲ. ಇದರಲ್ಲಿ ನೀವು ಪೇಪರ್ ಓದೋಕೆ ಸಾಧ್ಯವೇ ಇಲ್ಲ. ಇದು ಯಾರದ್ದು?"

ದೊಡ್ಡಮ್ಮ ಕನ್ನಡಕವನ್ನು ಮಡಿಲಲ್ಲಿ ಇಟ್ಟುಕೊಂಡರು. "ನಮ್ಮೆಜಮಾನರದ್ದು. ಅವರು ಹೋದ ಮೇಲೆ ಎತ್ತಿಡೋಕೆ ಮನಸ್ಸು ಬರಲಿಲ್ಲ. ಭಾನುವಾರ ಅವರು ಪೇಪರ್ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂರ್ತಿದ್ರು. ನಾನೂ ಹಾಗೇ ಕೂರ್ತೀನಿ, ಅಷ್ಟೇ. ಅಕ್ಷರ ಎಲ್ಲಾ ಇರುವೆ ಥರ ಕಾಣುತ್ತೆ."

ಟೈಲರಮ್ಮನಿಗೆ ನಗು ತಡೆಯಲಿಲ್ಲ. "ಹಾಗಾದ್ರೆ ಅತ್ತೆ, ಪೇಪರಲ್ಲಿ ಓದಿದೆ ಅಂತ ನಮಗೆಲ್ಲ ಹೇಳ್ತಿದ್ದ ಸುದ್ದಿ?"

"ಅದು ರೇಡಿಯೋದಲ್ಲಿ ಕೇಳಿದ್ದು ಕಣೇ."

ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ದೊಡ್ಡಮ್ಮನ ಮುಖ ಬಾಡಿತು. "ಹೋದ ವರ್ಷ ನೀನು ದಾರ ಪೋಣಿಸೋಕೆ ಕಾಣ್ತಿಲ್ಲ ಅಂದಾಗ, ನಿಮ್ಮ ಮಾವನದ್ದು, ಹಾಕ್ಕೋ ಅಂತ ನಾನೇ ಕೊಟ್ಟೆ. ನಾನೇ ನಿನಗೆ ನೋವು ತಂದಿಟ್ಟೆನಲ್ಲೇ!"

"ಅತ್ತೆ, ನೀವು ಕೊಟ್ಟಿದ್ದು ಪ್ರೀತಿಯಿಂದ. ನಂಬರ್ ಮಾತ್ರ ನನ್ನದಾಗಿರಲಿಲ್ಲ" ಅಂದಳು ಸೊಸೆ.

ಹೊಸ ಕನ್ನಡಕಗಳು ಬಂದವು, ಒಬ್ಬೊಬ್ಬರಿಗೆ ಅವರವರ ನಂಬರಿನವು. ಗುಳಿಗೆ ನಿಲ್ಲಿಸುವ ಬಗೆಯನ್ನು ಡಾಕ್ಟರೇ ಹೇಳಿಕೊಟ್ಟಿದ್ದರು. ಮೊದಮೊದಲು ನೋವು ಸ್ವಲ್ಪ ಕಾಡಿತು, ಹಾಗಾಗುತ್ತದೆ ಅಂತಲೂ ಅವರು ಹೇಳಿದ್ದರು. ಆಮೇಲೆ ದಿನೇ ದಿನೇ ಇಳಿಯಿತು. ಟೈಲರಮ್ಮ ಹೊಲಿಯುವಾಗ ಆಗಾಗ ಎದ್ದು ಬೀದಿಯ ತುದಿಯವರೆಗೆ ದೃಷ್ಟಿ ಹಾಯಿಸಿ ಕಣ್ಣಿಗೆ ವಿಶ್ರಾಂತಿ ಕೊಡುವುದನ್ನೂ ಕಲಿತಳು. ಡ್ರೈವರ್ ಮಗ ಬಂದ ದಿನವೇ ದೊಡ್ಡಮ್ಮ ಅವನ ಕಿವಿ ಹಿಂಡಿ, "ನೂರಾರು ಜನರನ್ನ ಕೂರಿಸ್ಕೊಂಡು ಓಡಿಸೋನು, ಕಣ್ಣು ತೋರಿಸ್ಕೊಂಡು ಬಾ" ಅಂತ ಅಟ್ಟಿದರು. ದೊಡ್ಡಮ್ಮ ತಮ್ಮ ಹೊಸ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದವರೇ, "ಅಯ್ಯೋ ಗಿರಣಿಯವಳೇ, ನಿನಗೆ ಇಷ್ಟು ವಯಸ್ಸಾಗಿದ್ಯಾ!" ಅಂದುಬಿಟ್ಟರು. ಗಿರಣಿಯ ಮೇಲಿನ ಅಪವಾದ ಹೋಯಿತು, ನನ್ನ ಯೌವನವೂ ಜೊತೆಗೇ ಹೋಯಿತು.

ಮೊನ್ನೆ ಮೋಟಾರು ಗಡಗಡ ಅನ್ನುತ್ತಿರುವಾಗಲೇ ಟೈಲರಮ್ಮ ಗೋಡೆಯಾಚೆ ಹಾಡಿಕೊಳ್ಳುತ್ತಿದ್ದಳು. ನಾನು ಇಣುಕಿ, "ಏನಮ್ಮಾ, ಭಾರಿ ಖುಷಿ?" ಅಂದೆ.

"ಖುಷಿನೇ ಅಕ್ಕ" ಅಂದಳು. ಆಮೇಲೆ ಮಿಷನ್ ನಿಲ್ಲಿಸಿ ಹೇಳಿದಳು. "ಒಂದೇ ಒಂದು ಸಂಕಟ. ನಮ್ಮಮ್ಮನಿಗೆ ಬಿಪಿ ಇತ್ತೋ ಏನೋ, ಯಾರಿಗೂ ಗೊತ್ತಿಲ್ಲ. ಅವಳ ತೋಳಿಗೆ ಒಂದು ಸಲವಾದ್ರೂ ಯಾರೂ ಆ ಪಟ್ಟಿ ಕಟ್ಟಲಿಲ್ಲ."

ಅದಕ್ಕೇ ಈ ಕಥೆಯನ್ನು ನಿಮಗೆ ಹೇಳುತ್ತಿದ್ದೇನೆ, ಅಕ್ಕಂದಿರೇ, ಅಣ್ಣಂದಿರೇ. ಪದೇ ಪದೇ ತಲೆ ನೋಯುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಕಣ್ಣಿರಬಹುದು, ಬಿಪಿ ಇರಬಹುದು, ಊಟ ನಿದ್ದೆ ತಪ್ಪಿದ್ದಿರಬಹುದು, ನುಂಗುವ ಗುಳಿಗೆಯೇ ಇರಬಹುದು. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅಂತ ಗಮನಿಸಿ, ಹೋಗಿ ತೋರಿಸಿ. ಇನ್ನೊಬ್ಬರ ಕನ್ನಡಕ, ಇನ್ನೊಬ್ಬರ ಮಾತ್ರೆ ನಿಮ್ಮದಲ್ಲ. ಎಂದೂ ಇಲ್ಲದಂಥ ನೋವು ಇದ್ದಕ್ಕಿದ್ದಂತೆ ಬಡಿದರೆ, ಜ್ವರದ ಜೊತೆ ಕತ್ತು ಸೆಟೆದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಕಣ್ಣು ಮಂಜಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಬಂದರೆ, ಬಸುರಿಗೆ ಜೋರಾಗಿ ತಲೆ ನೋಯುತ್ತಿದ್ದರೆ ನಾಳೆ ಅನ್ನಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ.

ನಿಮ್ಮ ಮನೆಯಲ್ಲೂ ಹಣೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವವರು ಯಾರೋ ಇರುತ್ತಾರೆ. ಏನಾಯಿತು ಅಂತ ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಾರೆ. ಆ ಮಾತು ನಂಬಬೇಡಿ. ಕೈ ಹಿಡಿದು ಕರೆದುಕೊಂಡು ಹೋಗಿ.