ನನಗಿಲ್ಲದ ಗುಲ್ಮ

ಅಲ್ಮಾಟಿಯ ಆಸ್ಪತ್ರೆಯಲ್ಲಿ ವಿಕಿರಣದ ಲೆಕ್ಕ ನೋಡುವವಳು ನಾನು. ಕ್ಯಾನ್ಸರ್ ರೋಗಿಯ ನರಕ್ಕೆ ವಿಕಿರಣದ ಮದ್ದು ಹರಿಸುತ್ತಾರೆ. ಅದು ಹೋಗಿ ಗೆಡ್ಡೆಗೆ ಅಂಟಬೇಕು. ಎಷ್ಟು ಅಂಟಿತು ಅನ್ನುವುದನ್ನು ಮರುದಿನ ಕ್ಯಾಮರಾ ತೋರಿಸುತ್ತದೆ. ಮದ್ದು ಇದ್ದಲ್ಲಿ ಚಿತ್ರ ಹೊಳೆಯುತ್ತದೆ, ಇಲ್ಲದ ಕಡೆ ಕಪ್ಪು. ಡಾಕ್ಟರ ಮಾತಿಗಿಂತ ಚಿತ್ರವನ್ನು ನಂಬಿ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ.

ಗೆಡ್ಡೆ ನನ್ನ ಯಕೃತ್ತಿಗೇ ಬಂದಾಗ ಆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ತನ್ನ ಚಿತ್ರದ ಲೆಕ್ಕ ತಾನು ಮಾಡಬಾರದು ಎಂದು ನಮ್ಮ ವಿಭಾಗದಲ್ಲಿ ನಿಯಮ ಮಾಡಿದವಳೂ ನಾನೇ. ಹಾಗಾಗಿ ನನ್ನದನ್ನು ಡಾಕ್ಟರ್ ದಾನಿಯಾರ್ ನೋಡಿದ. ಅವನಿಗೆ ಕೆಲಸ ಕಲಿಸಿದ್ದು ನಾನು. "ಗೆಡ್ಡೆ ಚೆನ್ನಾಗಿ ಹಿಡ್ಕೊಂಡಿದೆ ಅಕ್ಕಾ, ಇನ್ನೊಂದು ಸಲ ಹಾಕೋಣ" ಅಂದ. ನಂಬಿದೆ.

ಮೊದಲ ಸಲ ವಾಂತಿಯಾಗಿತ್ತು, ಎರಡನೇ ಸಲ ಒಂದು ಚೂರೂ ಆಗಲಿಲ್ಲ. ಮೈಗೆ ಒಗ್ಗಿತು ಎಂದು ಖುಷಿಪಟ್ಟೆ.

ಮದ್ದು ಹಾಕಿಸಿಕೊಂಡವರು ಕೆಲವು ದಿನ ಮಕ್ಕಳನ್ನು ಹತ್ತಿರ ಸೇರಿಸಬಾರದು. ನಮ್ಮ ಜನರಲ್ಲಿ ಮೊದಲ ಮೊಮ್ಮಗುವನ್ನು ಅಜ್ಜ ಅಜ್ಜಿಯೇ ಸಾಕುವುದು ವಾಡಿಕೆ. ಮೊಮ್ಮಗಳು ಅಲುವಾ ನನ್ನನ್ನೇ ಅಮ್ಮ ಅನ್ನುತ್ತಾಳೆ, ನನ್ನ ಹಾಸಿಗೆಯಲ್ಲೇ ಮಲಗುತ್ತಾಳೆ. ಅವಳನ್ನು ಮಗನ ಮನೆಗೆ ಕಳಿಸಿದೆವು. ಹೋಗುವಾಗ ಓಡಿಬಂದಳು. "ಹತ್ರ ಬರ್ಬೇಡ, ನನ್ನ ಮುಟ್ಬಾರ್ದು" ಎಂದು ಗದರಿದೆ. ಬಾಗಿಲ ಚೌಕಟ್ಟು ಹಿಡಿದು ಅತ್ತಳು. ನಾನು ಕದಲಲಿಲ್ಲ.

ಲೆಕ್ಕ ಮಾಡಬಾರದೇ ಹೊರತು ನೋಡಬಾರದು ಎಂದಿಲ್ಲವಲ್ಲ ಎಂದುಕೊಂಡು, ಆ ವಾರ ಮುಗಿಯುವ ಮೊದಲೇ ಹೇಳದೆ ಕೇಳದೆ ದಾನಿಯಾರನ ಕೋಣೆಗೆ ಹೋದೆ. ನನ್ನ ಚಿತ್ರ ನೋಡಬೇಕು ಅಂದೆ. ಅವನು ತಡಬಡಾಯಿಸಿ ಪರದೆಯ ಮೇಲೆ ಒಂದನ್ನು ತೆರೆದ. ಯಕೃತ್ತಿನ ಗೆಡ್ಡೆ ಹೊಳೆಯುತ್ತಿತ್ತು, ಕಿಡ್ನಿಗಳೂ ಹೊಳೆಯುತ್ತಿದ್ದವು. ಅವುಗಳ ಮೇಲೆ ಎಡಕ್ಕೆ, ರೋಗವಿಲ್ಲದಿದ್ದರೂ ಈ ಮದ್ದನ್ನು ಹೀರುವ ಗುಲ್ಮವೂ (ಸ್ಪ್ಲೀನ್) ಹೊಳೆಯುತ್ತಿತ್ತು.

ಚಿಕ್ಕವಳಿದ್ದಾಗ ಬೇಸಿಗೆಯ ಹುಲ್ಲುಗಾವಲಿನಲ್ಲಿ ಕುದುರೆಯಿಂದ ಬಿದ್ದು ನನ್ನ ಗುಲ್ಮ ಒಡೆದಿತ್ತು. ಡಾಕ್ಟರು ಅದನ್ನು ಕತ್ತರಿಸಿ ತೆಗೆದಿದ್ದರು.

"ಯಾರದಪ್ಪಾ ಈ ಗುಲ್ಮ?" ಅಂದೆ.

ದಾನಿಯಾರನ ಮುಖ ಇಂಗು ತಿಂದ ಮಂಗನಂತಾಯಿತು.

"ಅಕ್ಕಾ, ಮೊದಲ ಸಲವೇ ಗೆಡ್ಡೆ ಕಪ್ಪಾಗೇ ಇತ್ತು. ಮದ್ದು ಹಿಡೀಲೇ ಇಲ್ಲ."

"ಮತ್ತೆ ಎರಡನೇ ಸಲ ಏನು ಹಾಕ್ದೆ?"

"ಬರೀ ಉಪ್ಪುನೀರು. ನಿಮ್ಮ ಯಜಮಾನ್ರು, ನಿಮ್ಮಣ್ಣ, ಮಗ, ಎಲ್ಲ ಇಲ್ಲೇ ಕೂತು ತೀರ್ಮಾನ ಮಾಡಿದ್ರು. ನಿಮ್ಗೆ ಹೇಳ್ಬಾರ್ದು ಅಂದ್ರು."

ನಮ್ಮ ಊರಲ್ಲಿ ಸಾವಿನ ಸುದ್ದಿ ಎಲ್ಲರಿಗೂ ಗೊತ್ತಾಗುತ್ತದೆ, ಸಾಯುವವರೊಬ್ಬರನ್ನು ಬಿಟ್ಟು. ಅದು ಗೊತ್ತಿಲ್ಲದವಳಲ್ಲ ನಾನು. ಆದರೆ ನನ್ನದೇ ಕ್ಯಾಮರಾ ಮುಂದೆ ನನ್ನನ್ನು ಮಲಗಿಸಿ, ಎಲ್ಲರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ದರು. ಮೈ ಉರಿದುಹೋಯಿತು.

ಮನೆಗೆ ಬಂದಾಗ ಗಂಡ ಕೈರೊಲ್ಲಾ ಚಹಾ ಕುಡಿಯುತ್ತಿದ್ದರು. ಕೋಟು ಬಿಚ್ಚದೆ ಎದುರಿಗೆ ಕೂತೆ.

"ಹೊಟ್ಟೆ ಮೇಲಿನ ಗಾಯದ ಗುರುತು ಇಷ್ಟು ವರ್ಷ ನೋಡಿದ್ದೀರಿ. ಇದು ಯಾಕಾಯ್ತು ಅಂತ ದಾನಿಯಾರನಿಗೆ ಒಂದು ಮಾತು ಹೇಳ್ಬಾರ್ದಿತ್ತಾ? ಸುಳ್ಳನ್ನಾದ್ರೂ ನೆಟ್ಟಗೆ ಹೇಳ್ತಿದ್ದ."

ಅವರ ಕೈಯ ಬಟ್ಟಲು ಮೇಜಿಗೆ ಇಳಿಯಿತು. "ನಿನಗೆ ಆಸೆ ಉಳೀಲಿ ಅಂತ ಮಾಡಿದ್ದು, ರೈಹಾನ್."

"ಬೇರೆ ಮದ್ದು ಹುಡುಕ್ತಿದ್ದೆ. ಇಲ್ಲಾಂದ್ರೆ ಸುಮ್ನಿರ್ತಿದ್ದೆ. ಅದು ನನ್ನ ತೀರ್ಮಾನ ಆಗ್ಬೇಕಿತ್ತು."

ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಹೋಗ್ಲಿ. ಉಪ್ಪುನೀರು ಹಾಕಿದ ಮೇಲೆ ಮಗೂನ ಯಾಕೆ ಕಳಿಸಿದ್ರಿ?"

"ಕಳಿಸದೆ ಇದ್ದಿದ್ರೆ ನಿನಗೆ ಅನುಮಾನ ಬರ್ತಿತ್ತು."

ಸಾವಿಗೂ ಅಳದ ನಾನು ಆಗ ಅತ್ತೆ. ನನಗೆ ಉಳಿದಿರುವುದೇ ಬೆರಳೆಣಿಕೆಯ ದಿನ. ಅದರಲ್ಲೂ ಇವರು ಕದ್ದಿದ್ದರು. ಅವರು ತೋಳು ಹಿಡಿಯಲು ಬಂದರು, ಕೊಡವಿಕೊಂಡು ಎದ್ದೆ.

ಮಗನ ಮನೆಯ ಬಾಗಿಲು ತೆಗೆದವನು ಮಗ. ಅವನ ಮುಖ ನೋಡಲಿಲ್ಲ. ಅಲುವಾ ಒಳಗಿನಿಂದ ಓಡಿಬಂದು, ನಡುಮನೆಯಲ್ಲೇ ನಿಂತುಬಿಟ್ಟಳು.

"ಅಮ್ಮಾ, ಇವತ್ತು ಮುಟ್ಬಹುದಾ?"

"ಮುಟ್ಬಹುದು," ಅಂದೆ. "ಆವತ್ತೂ ಮುಟ್ಬಹುದಿತ್ತು."