ಅರ್ಧಕ್ಕೆ ನಿಂತ ಚೋಕ್

ಅವರನ್ನು ಎಲ್ಲರೂ ಕ್ಲಚ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಆಯುಷ್ಯ ಕಳೆದವರು. "ಕ್ಲಚ್, ಕ್ಲಚ್!" ಎಂದು ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ಮಂಚ ಸರಿಸುವಾಗಲೂ ಬಾಯಿಂದ ಅದೇ ಬರುತ್ತಿತ್ತು. ನಿವೃತ್ತರಾದ ಮೇಲೆ ಆ ಸ್ಕೂಲಿನ ಹಳೆಯ ಕಾರನ್ನೇ ಕೊಂಡು ತಂದು ಸೊಸೆಗೆ ಕೊಟ್ಟಿದ್ದರು. ಸೊಸೆ ಆಸ್ಪತ್ರೆಯಲ್ಲಿ ನರ್ಸ್, ಬೆಳಗಿನ ಪಾಳಿ. ಮಗನಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅವಳು ಹೊರಡುವ ಹೊತ್ತಿಗೆ ಅವನಿನ್ನೂ ಮನೆಗೆ ಬಂದಿರುತ್ತಿರಲಿಲ್ಲ.

ಬೇಸಿಗೆಯಲ್ಲಿ ಕಾರು ಚೆನ್ನಾಗಿಯೇ ಓಡಿತು. ಚಳಿ ಬಿದ್ದದ್ದೇ ತಡ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂದು ಹಟ ಹಿಡಿಯಿತು. ಮೇಷ್ಟ್ರು ಶಾಲು ಹೊದ್ದು ಗೇಟಿಗೆ ಬಂದು ನಿಲ್ಲುತ್ತಿದ್ದರು.

"ಚೋಕ್ ಎಳೆದ್ಯಾ?"

"ಎಳೆದಿದೀನಿ ಮಾವ."

"ಮತ್ತೆ ಆ ಆಕ್ಸಿಲರೇಟರ್ ಪೆಡಲ್ ಯಾಕಮ್ಮ ತುಳೀತೀಯ? ಅದೇನು ಹೊಲಿಗೆ ಮಿಷನ್ನಾ?"

ಎದುರು ಮನೆಯ ಟೈಲರ್ ಕಿಟಕಿಯಲ್ಲಿ ನಿಂತು ನಕ್ಕಿದ್ದ. ಆ ನಗು ಮೇಷ್ಟ್ರಿಗೆ ಹಿತವಾಗಿತ್ತು. ಮರುದಿನ ಇನ್ನಷ್ಟು ಜೋರಾಗಿ ಬೈದರು. ಸೊಸೆ ಒಮ್ಮೆ, "ಮಾವ, ಈ ಚೋಕಿನ ಗುಂಡಿ ಪೂರ್ತಿ ಒಳಗೂ ಹೋಗಲ್ಲ, ಎಳೆದ್ರೆ ಏನೂ ಆಗೋ ಹಾಗೂ ಕಾಣಲ್ಲ" ಎಂದಿದ್ದಳು. "ಮೊದಲು ಕಾರು ಓಡಿಸೋದು ಕಲಿ, ಆಮೇಲೆ ಕಾರಿನ ಮೇಲೆ ತಪ್ಪು ಹೊರಿಸು" ಎಂದು ಬಾಯಿ ಮುಚ್ಚಿಸಿದ್ದರು.

ಒಂದು ದಿನ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಬೀದಿಯೆಲ್ಲ ಪೆಟ್ರೋಲ್ ವಾಸನೆ. "ಮತ್ತೆ ಓವರ್‌ಫ್ಲೋ ಮಾಡಿದ್ಯಾ! ಕತ್ತೆಗೆ ಹೇಳಿಕೊಟ್ಟಿದ್ರೂ ಇಷ್ಟೊತ್ತಿಗೆ ಕಲೀತಿತ್ತು" ಎಂದರು ಮೇಷ್ಟ್ರು. ಹಾಲಿನವನೂ ಟೈಲರೂ ನೋಡುತ್ತಿದ್ದರು. ಸೊಸೆ ಕೆಳಗಿಳಿದಳು. ಬಿಳಿ ಸಮವಸ್ತ್ರದ ಸುಕ್ಕು ಸರಿಮಾಡಿಕೊಂಡು, ಕೀಯನ್ನು ಬಾನೆಟ್ಟಿನ ಮೇಲಿಟ್ಟು, ಬಸ್ ಸ್ಟಾಪಿನ ಕಡೆ ನಡೆದಳು. ಅಂದಿನಿಂದ ಬಸ್ಸಿನಲ್ಲೇ ಹೋಗಿಬರತೊಡಗಿದಳು.

ಸ್ವಲ್ಪ ದಿನದ ಮೇಲೆ ಮೇಷ್ಟ್ರ ಹೆಂಡತಿ, "ಅಕ್ಕನಿಗೆ ಹುಷಾರಿಲ್ವಂತೆ, ಬೆಳಿಗ್ಗೆನೇ ನನ್ನನ್ನ ಅಲ್ಲಿಗೆ ಬಿಟ್ಟುಬನ್ನಿ ರೀ" ಎಂದರು. ಮೇಷ್ಟ್ರಿಗೆ ಅದೇ ಬೇಕಿತ್ತು. "ನೋಡ್ತಿರು, ಒಂದೇ ಸಲಕ್ಕೆ ಹೇಗೆ ಸ್ಟಾರ್ಟ್ ಆಗುತ್ತೆ ಅಂತ" ಎಂದು ಚಾಲಕನ ಸೀಟಿನಲ್ಲಿ ಕೂತರು. ಚೋಕ್ ಎಳೆದರು. ಕೀ ತಿರುಗಿಸಿದರು. ಕಾರು ನರಳಿ ನಿಂತಿತು. ಮತ್ತೆ ತಿರುಗಿಸಿದರು. ಅದೇ ಕತೆ. ಆಮೇಲೆ ತಮಗೇ ಗೊತ್ತಿಲ್ಲದೆ ಅವರ ಕಾಲು ಪೆಡಲ್ ತುಳಿಯತೊಡಗಿತು. ಮೂಗಿಗೆ ಪೆಟ್ರೋಲ್ ಘಾಟು ಬಡಿದಾಗಲೇ ಅವರಿಗೆ ಎಚ್ಚರವಾದದ್ದು. ಪಕ್ಕದಲ್ಲಿ ಹೆಂಡತಿ ಕಿಟಕಿಯಾಚೆ ಮುಖ ತಿರುಗಿಸಿ ಕೂತಿದ್ದರು, ಅಷ್ಟೇ.

ಮೇಷ್ಟ್ರು ಇಳಿದು ಬಾನೆಟ್ ಎತ್ತಿದರು. ಏರ್ ಫಿಲ್ಟರಿನ ಡಬ್ಬಿ ತೆಗೆದರೆ ಕೆಳಗೆ ಕಾರ್ಬ್ಯುರೇಟರಿನ ಬಾಯಿ. ಅದರೊಳಗೆ ಕಾಸಿನಗಲದ ತೆಳು ತಗಡು. ಚೋಕ್ ಎಳೆದಾಗ ಆ ತಗಡು ಬಾಯಿ ಮುಚ್ಚಿ ಗಾಳಿ ತಡೆಯಬೇಕು. ತಣ್ಣಗಿರುವ ಎಂಜಿನ್ನಿಗೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಸಿಕ್ಕರೇ ಉಸಿರು ಹತ್ತುವುದು.

"ಆ ಗುಂಡಿ ಎಳಿ" ಎಂದು ಹೆಂಡತಿಗೆ ಕೂಗಿದರು.

"ಎಳೆದೆ."

"ಪೂರ್ತಿ ಎಳಿಯೇ."

"ಇನ್ನೆಳೆದ್ರೆ ಕಿತ್ತು ಕೈಗೆ ಬರುತ್ತೆ ರೀ!"

ತಗಡು ಅರ್ಧ ಮಾತ್ರ ಮುಚ್ಚಿ ನಿಂತಿತ್ತು. ಮೇಷ್ಟ್ರು ಬಗ್ಗಿ ಚೋಕಿನ ತಂತಿ ಹಿಡಿದಿದ್ದ ಸ್ಕ್ರೂ ನೋಡಿದರು. ಬೇಸಿಗೆಯಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆದವರು ಅವರೇ. ಸಡಿಲವಾಗಿದ್ದ ಗುಂಡಿ ಎಳೆದಾಗ ಹಿಂದೆ ಜಾರದಿರಲಿ ಎಂದು ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸುವುದು ಅವರ ರೂಢಿ. ಅಂದು ಕ್ಲಿಪ್ ತೆಗೆಯುವುದನ್ನು ಮರೆತು, ಗುಂಡಿ ಅರ್ಧ ಹೊರಗಿರುವಾಗಲೇ ತಂತಿ ಬಿಗಿದಿದ್ದರು, ಎಳೆಯಲು ಉಳಿದದ್ದು ಇನ್ನರ್ಧವೇ. ಬಿಸಿಲಿನಲ್ಲಿ ಯಾರಿಗೆ ಚೋಕ್ ಬೇಕು? ತಪ್ಪು ಹೊರಬೀಳಲು ಚಳಿಗಾಲವೇ ಬರಬೇಕಾಯಿತು. ಸೊಸೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಏನಾಗಿತ್ತು?" ಹೆಂಡತಿ ಕೇಳಿದರು.

"ತುಕ್ಕು" ಎಂದರು ಮೇಷ್ಟ್ರು. ಮಾತು ತಾನಾಗಿ ಬಂದಿತ್ತು.

ಸ್ಕ್ರೂ ಸಡಿಲಿಸಿ, ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿ, ಬಾಯಿ ತೆರೆದಿರುವಂತೆ ತಗಡನ್ನು ನೆಟ್ಟಗೆ ನಿಲ್ಲಿಸಿ ತಂತಿ ಬಿಗಿದರು. ಒದ್ದೆಯಾದ ಪ್ಲಗ್ಗುಗಳನ್ನು ಬಿಚ್ಚಿ ಒರೆಸಿ ಮತ್ತೆ ಹಾಕಿದರು. ಈಗ ಗುಂಡಿ ಎಳೆದರೆ ತಗಡು ಬಾಯನ್ನು ಗಟ್ಟಿಯಾಗಿ ಮುಚ್ಚಿತು. ಕೀ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಂಡಿತು.

ಟೈಲರ್ ಕಿಟಕಿಯಿಂದ, "ನಿಮ್ಮ ಕೈ ಬಿದ್ರೆ ಸಾಕು ನೋಡಿ ಮೇಷ್ಟ್ರೆ, ಹೇಳಿದ ಹಾಗೆ ಕೇಳುತ್ತೆ!" ಎಂದ. ಮೇಷ್ಟ್ರು ಅವನತ್ತ ನೋಡದೆ ಗೇರ್ ಹಾಕಿದರು.

ಸಂಜೆ ಅತ್ತೆ ಹೇಳಿದ್ದನ್ನು ಕೇಳಿ ಸೊಸೆ ನೇರವಾಗಿ ಮಾವನ ಬಳಿ ಬಂದಳು. ಮುಖ ಸ್ವಲ್ಪ ಅರಳಿತ್ತು. "ತುಕ್ಕು ಹಿಡಿದಿತ್ತಂತೆ. ಹಾಗಾದ್ರೆ ನನ್ನ ತಪ್ಪಲ್ಲ ಅಲ್ವಾ ಮಾವ?"

ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಮೇಷ್ಟ್ರ ಬಾಯಿಂದ ಬಿದ್ದದ್ದು, "ನಿಂದೂ ಸ್ವಲ್ಪ ಇತ್ತಮ್ಮ. ಆ ಪೆಡಲ್ ಅಷ್ಟು ತುಳೀಬಾರದಿತ್ತು" ಎಂಬ ಮಾತು.

ಅರಳಿದ್ದ ಮುಖ ಬಾಡಿತು. "ಸರಿ ಮಾವ. ಆದ್ರೂ ನಾನು ಬಸ್ಸಲ್ಲೇ ಹೋಗ್ತೀನಿ. ಆ ಕೀ ಹಿಡಿದ್ರೆ ಕೈ ನಡುಗುತ್ತೆ."

ಮೇಷ್ಟ್ರಿಗೆ ಊಟ ಸೇರಲಿಲ್ಲ. ಕೈ ನಡುಗುವ ಎಷ್ಟು ಜನರನ್ನು ಅವರು ನೋಡಿರಲಿಲ್ಲ! ಅಂಥವರನ್ನು ಮಗುವಿನಂತೆ ಮಾತಾಡಿಸಿ, ಖಾಲಿ ಮೈದಾನದಲ್ಲಿ ಸುತ್ತಿಸಿ, ಭಯ ಬಿಡಿಸಿದ್ದೇ ಅವರ ಹೆಮ್ಮೆ. ಮನೆಯವಳ ಕೈ ಮಾತ್ರ ತಾವೇ ನಡುಗುವಂತೆ ಮಾಡಿದ್ದರು. ತಪ್ಪು ತಮ್ಮದೆಂದು ಗೊತ್ತಾದ ಮೇಲೂ ಅವಳ ಪಾಲು ಒಂದಿಷ್ಟು ಉಳಿಸಿದ್ದರಲ್ಲ, ಅದನ್ನು ನೆನೆದರೆ ಮೈ ಹಿಡಿಯಷ್ಟಾಗುತ್ತಿತ್ತು.

ಬೆಳಿಗ್ಗೆ ಒಂದು ನಿರ್ಧಾರಕ್ಕೆ ಬಂದವರಂತೆ ಬೀದಿಗಿಳಿದರು. ಬೈದದ್ದು ಬೀದಿಯಲ್ಲಿ, ಒಪ್ಪಿಕೊಳ್ಳುವುದೂ ಬೀದಿಯಲ್ಲೇ ಆಗಲಿ ಎಂದುಕೊಂಡು ಟೈಲರನ ಕಿಟಕಿಯ ಕೆಳಗೆ ನಿಂತರು.

"ನೋಡಪ್ಪ, ಕಾರು ಕೆಡಿಸಿದ್ದು ನಾನೇ. ತಂತಿ ತಪ್ಪಾಗಿ ಬಿಗಿದಿದ್ದೆ. ನಮ್ಮ ಸೊಸೆದು ಏನೂ ತಪ್ಪಿರಲಿಲ್ಲ."

ಟೈಲರ್ ಕೈ ಜೋಡಿಸಿಬಿಟ್ಟ. "ಎಂಥಾ ದೊಡ್ಡ ಮನಸ್ಸು ಮೇಷ್ಟ್ರೆ! ಸೊಸೆ ಮರ್ಯಾದೆ ಉಳಿಸೋಕೆ ತಪ್ಪು ತಮ್ಮ ಮೇಲೆ ಹಾಕ್ಕೊಳ್ಳೋ ಮಾವ ಯಾರಿಗೆ ಸಿಗ್ತಾರೆ?"

"ಅಲ್ಲಪ್ಪ, ನಿಜವಾಗ್ಲೂ..."

"ಗೊತ್ತು ಬಿಡಿ" ಎಂದು ಅವನು ಕಣ್ಣು ಮಿಟುಕಿಸಿದ.

ಮೇಷ್ಟ್ರು ತಿರುಗಿದರೆ ಬಾಗಿಲಲ್ಲಿ ಸೊಸೆ. ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಿಜಾನಾ ಮಾವ?"

"ನಿಜಾನಮ್ಮ."

"ನಿನ್ನೆ ಗೊತ್ತಿತ್ತಾ? ನಾನು ಕೇಳಿದಾಗ?"

ಮೇಷ್ಟ್ರು ತಲೆ ತಗ್ಗಿಸಿದರು. ಕಾಲಿನ ಚಪ್ಪಲಿ ಬಿಟ್ಟು ಬೇರೇನೂ ಕಾಣಲಿಲ್ಲ. "ಗೊತ್ತಿತ್ತು."

"ಅವರಿಗೆ ಹೋಗಿ ಹೇಳಿದ್ರಿ. ನನಗೆ ಹೇಳಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. "ಒಂದೊಂದು ದಿನ ವಾರ್ಡಿನಲ್ಲಿ ಇಂಜೆಕ್ಷನ್ ಹಿಡಿದಾಗಲೂ ಅನ್ಸೋದು ಮಾವ, ನನಗೆ ಯಾವ ಕೆಲಸವೂ ಬರಲ್ವೇನೋ ಅಂತ."

"ತಪ್ಪಾಯ್ತಮ್ಮ" ಎಂದರು ಮೇಷ್ಟ್ರು. ಮಾತು ಅರ್ಧವೇ ಹೊರಬಂತು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದರು.

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. "ಬಸ್ ಬರುತ್ತೆ" ಎಂದು ಹೊರಟುಹೋದಳು.

ಆ ವಾರವೆಲ್ಲ ಬಸ್ಸಿನಲ್ಲೇ ಹೋದಳು. ಮೇಷ್ಟ್ರು ಕರೆಯಲಿಲ್ಲ, ಕೇಳಲಿಲ್ಲ, ಕಾರಿನ ಮಾತೆತ್ತಲಿಲ್ಲ. ರಜೆಯ ದಿನ ಅವಳೇ ಬಂದು, "ಬಾನೆಟ್ ತೆಗೀರಿ, ಆ ತಗಡು ಎಲ್ಲಿದೆ ತೋರಿಸಿ" ಎಂದಳು. ತೋರಿಸಿದರು. ಅವಳು ತಾನೇ ಗುಂಡಿ ಎಳೆದು ಬಂದು ನೋಡಿದಳು, ಒಳಗೆ ತಳ್ಳಿ ಮತ್ತೆ ನೋಡಿದಳು. ಆಮೇಲೆ ಕೀಗಾಗಿ ಕೈ ಚಾಚಿದಳು.

"ನಾಳೆ ತಗೊಂಡು ಹೋಗ್ತೀನಿ. ಆದ್ರೆ ನಾನು ಹೊರಡೋವಾಗ ನೀವು ಹೊರಗೆ ಬರಬೇಡಿ."

"ಬರಲ್ಲಮ್ಮ."

ಮರುದಿನ ಮೇಷ್ಟ್ರು ಅಡುಗೆಮನೆಯಲ್ಲಿ ಹೆಂಡತಿಯ ಎದುರು ಕೂತಿದ್ದರು. ಕೈಯಲ್ಲಿದ್ದ ಕಾಫಿ ಆರುತ್ತಿತ್ತು. ಹೊರಗೆ ಕಾರು ಒಮ್ಮೆ ಕೆಮ್ಮಿತು, ಹತ್ತಿಕೊಂಡಿತು. ಎಂಜಿನ್ ಇನ್ನೂ ಬೆಚ್ಚಗಾಗುವ ಮೊದಲೇ ಅವಳು ಚೋಕ್ ಒಳಗೆ ತಳ್ಳಿದ್ದು ದನಿಯಲ್ಲೇ ಗೊತ್ತಾಯಿತು. ತಿದ್ದಲು ಅವರ ಬಾಯಿ ತೆರೆದುಕೊಂಡಿತು. ಹೆಂಡತಿ ಕಣ್ಣೆತ್ತಿ ನೋಡಿದರು. ಮೇಷ್ಟ್ರು ಮಾತು ನುಂಗಿಕೊಂಡು, ಕಾರಿನ ಸದ್ದು ಬೀದಿಯ ತಿರುವು ದಾಟುವವರೆಗೂ ನೆಲ ನೋಡುತ್ತ ಕೂತರು.